ಜ್ವರ ಬಿಟ್ಟ ಮೇಲೆ ಕೈಕಾಲು ಸೋತರೆ: ಜಿಬಿಎಸ್ ಮತ್ತು ಫಿಜಿಯೋಥೆರಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇವು ವಾರ್ಡಿನಲ್ಲಿ, ಒಪಿಡಿಯಲ್ಲಿ, ಮನೆಗೆ ಹೋದ ಮೇಲೆ ಫೋನಿನಲ್ಲಿ ನಮ್ಮನ್ನು ಜನ ಕೇಳುವ ಪ್ರಶ್ನೆಗಳು. ಉತ್ತರ ಬರೆದಿರುವುದು ಫಿಜಿಯೋಥೆರಪಿ ಕಡೆಯಿಂದ. ಮಾತ್ರೆ, ಇಂಜೆಕ್ಷನ್ ವಿಷಯದಲ್ಲಿ ನಿಮ್ಮ ನರರೋಗ ವೈದ್ಯರ ಮಾತೇ ಅಂತಿಮ.

ಜ್ವರ ಬಂದು ವಾಸಿಯೂ ಆಗಿತ್ತು. ಈಗ ಕಾಲಲ್ಲಿ ಬಲ ಇಲ್ಲ. ಎರಡಕ್ಕೂ ಸಂಬಂಧ ಇದೆಯಾ?

ಇರಬಹುದು. ವೈರಸ್ ವಿರುದ್ಧ ಹೋರಾಡಲು ದೇಹ ತಯಾರಿಸಿಕೊಂಡ ರೋಗನಿರೋಧಕ ಶಕ್ತಿ ಕೆಲವರಲ್ಲಿ ತಮ್ಮದೇ ನರಗಳ ಮೇಲೆ ತಿರುಗಿಬೀಳುತ್ತದೆ. ಇದಕ್ಕೆ ಗೀಲನ್-ಬಾರೆ ಸಿಂಡ್ರೋಮ್ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವುದು ಜಿಬಿಎಸ್ ಅಂತ. 1916ರಲ್ಲಿ ಗೀಲನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ವಿವರಿಸಿದರು.

ಮೊದಲು ಪಾದದಲ್ಲಿ ಜೋಮು. ಆಮೇಲೆ ಮೆಟ್ಟಿಲು ಹತ್ತಲು ಕಷ್ಟ. ಕುಕ್ಕರಗಾಲಲ್ಲಿ ಕೂತರೆ ಏಳಲು ಆಗುವುದಿಲ್ಲ. ನಂತರ ಕೈಗೂ ಬರುತ್ತದೆ. ಹೆಚ್ಚಿನವರಲ್ಲಿ ಎರಡು ವಾರದೊಳಗೆ, ಹೆಚ್ಚೆಂದರೆ ನಾಲ್ಕು ವಾರದೊಳಗೆ ಇದು ತನ್ನ ಕೊನೆಯ ಮಟ್ಟ ಮುಟ್ಟುತ್ತದೆ. ಅಲ್ಲಿ ಕೆಲವು ದಿನ ಅಥವಾ ವಾರ ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ಬಲ ಮರಳುತ್ತದೆ.

ಯಾವ ಜ್ವರದಿಂದ ಹೀಗಾಗುತ್ತದೆ?

ಫ್ಲೂ, ಡೆಂಗಿ, ಚಿಕುನ್‌ಗುನ್ಯಾ, ಜೀಕಾ, ಕೋವಿಡ್, ಹೆಪಟೈಟಿಸ್ ಇ, ಇವೆಲ್ಲದರ ನಂತರವೂ ಜಿಬಿಎಸ್ ಕಂಡಿದ್ದಾರೆ. ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿಯಾದ ಮೇಲೂ ಬರುತ್ತದೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಒಮ್ಮೆಗೇ ತುಂಬಾ ಜನರಿಗೆ ಬಂದಿದ್ದು ನಿಮಗೆ ನೆನಪಿರಬಹುದು. ಆಗ ರೋಗಿಗಳ ಮಾದರಿಗಳಲ್ಲಿ ಈ ಬ್ಯಾಕ್ಟೀರಿಯಾವೂ ಸಿಕ್ಕಿತ್ತು, ನೊರೋವೈರಸ್ಸೂ ಸಿಕ್ಕಿತ್ತು.

ಹೆದರಬೇಡಿ, ಇದು ಅಪರೂಪ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಜಿಬಿಎಸ್ ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ರೋಗಿಯ ತಟ್ಟೆ, ಹಾಸಿಗೆ ಬೇರೆ ಇಡುವ ಅಗತ್ಯವಿಲ್ಲ. ಮಕ್ಕಳು ಹತ್ತಿರ ಹೋಗಿ ಕೂರಲಿ.

ಊರಲ್ಲಿ ಎಲ್ಲರೂ ಲಕ್ವ ಅಂತಿದ್ದಾರೆ. ನಾಟಿ ಔಷಧಿಗೆ ಕರೆದುಕೊಂಡು ಹೋಗೋಣ ಅಂತಿದ್ದಾರೆ.

ದಯವಿಟ್ಟು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಲಕ್ವ ಹೊಡೆದರೆ ಸಾಮಾನ್ಯವಾಗಿ ದೇಹದ ಒಂದು ಪಕ್ಕ ಹೋಗುತ್ತದೆ. ತೊಂದರೆ ಮೆದುಳಿನದು. ಜಿಬಿಎಸ್‌ನಲ್ಲಿ ಎರಡೂ ಕಾಲು, ಎರಡೂ ಕೈ ಸೋಲುತ್ತವೆ. ತೊಂದರೆ ಇರುವುದು ಮೆದುಳು, ಬೆನ್ನುಹುರಿಯಿಂದ ಹೊರಗೆ ಬರುವ ನರಗಳಲ್ಲಿ. ಲಕ್ವವಾದರೂ ಸರಿ, ಇದಾದರೂ ಸರಿ, ಎರಡರಲ್ಲೂ ಹೊತ್ತು ಕಳೆಯುವಂತಿಲ್ಲ.

ನಮಗೆ ದಿಗಿಲಾಗುವುದು ಉಸಿರಿನ ವಿಷಯದಲ್ಲಿ. ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಉಸಿರಾಟದ ಸ್ನಾಯು ಸೋಲುವುದು ಮೊದಮೊದಲು ಮೇಲಿಂದ ಗೊತ್ತಾಗುವುದೇ ಇಲ್ಲ. ದಾರಿಯಲ್ಲಿ ನೀವೇ ಒಂದು ಪರೀಕ್ಷೆ ಮಾಡಬಹುದು. ಜೋರಾಗಿ ಉಸಿರೆಳೆದುಕೊಂಡು, ಅದೇ ಉಸಿರಲ್ಲಿ ಒಂದು, ಎರಡು, ಮೂರು ಅಂತ ಗಟ್ಟಿಯಾಗಿ ಎಣಿಸಲು ಹೇಳಿ. 20 ಮುಟ್ಟುವ ಮೊದಲೇ ಉಸಿರು ಮುಗಿದರೆ, ಮಲಗಿದಲ್ಲಿಂದ ತಲೆ ಎತ್ತಲು ಆಗದಿದ್ದರೆ, ನೀರು ಕುಡಿದರೆ ಕೆಮ್ಮು ಬಂದರೆ ಐಸಿಯು ಇರುವ ಆಸ್ಪತ್ರೆಗೇ ಹೋಗಿ. 20ಕ್ಕಿಂತ ಜಾಸ್ತಿ ಎಣಿಸಿದರು ಅಂತ ಮನೆಗೆ ವಾಪಸ್ ಕರೆತರಬೇಡಿ. ಈ ಕಾಯಿಲೆಯ ಮೊದಲ ದಿನಗಳಲ್ಲಿ ಬೆಳಗ್ಗೆ ಇದ್ದ ಸ್ಥಿತಿ ಸಂಜೆಗೆ ಇರುವುದಿಲ್ಲ.

ಅಷ್ಟು ದುಡ್ಡು ಹಾಕಿ ಐವಿಐಜಿ ಕೊಡಿಸಿದೆವು. ಆದರೂ ಎದ್ದು ನಿಲ್ಲುತ್ತಿಲ್ಲ. ಔಷಧಿ ಕೆಲಸ ಮಾಡಲಿಲ್ಲವಾ?

ಈ ಪ್ರಶ್ನೆ ಕೇಳುವಾಗ ಮನೆಯವರ ಮುಖ ನೋಡಲಾಗುವುದಿಲ್ಲ. ಒಡವೆ ಅಡ ಇಟ್ಟು ಬಂದಿರುತ್ತಾರೆ.

ಐವಿಐಜಿ ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು (ಆಂಟಿಬಾಡಿ) ರಕ್ತನಾಳದ ಮೂಲಕ ಕೊಡುವ ಔಷಧಿ. ಅದನ್ನು ಸಾಮಾನ್ಯವಾಗಿ ಐದು ದಿನ ಕೊಡುತ್ತಾರೆ. ಅದರ ಬದಲು ಪ್ಲಾಸ್ಮಾ (ರಕ್ತದ ನೀರಿನ ಭಾಗ) ಬದಲಾಯಿಸುವ ಚಿಕಿತ್ಸೆಯನ್ನೂ ಕೊಡಬಹುದು. ಎರಡರಿಂದಲೂ ಆಗುವ ಪ್ರಯೋಜನ ಒಂದೇ ರೀತಿಯದು. ಹಾಗಾಗಿ ಕಡಿಮೆ ಖರ್ಚಿನದು ಯಾವುದು ಅಂತ ವೈದ್ಯರನ್ನು ಕೇಳಲು ಸಂಕೋಚ ಬೇಡ. ಇವೆರಡೂ ಮಾಡುವುದು ನರಕ್ಕೆ ಆಗುತ್ತಿರುವ ಹಾನಿಯನ್ನು ತಡೆಯುವ ಕೆಲಸ. ಆಗಿಹೋದ ಹಾನಿಯನ್ನು ಸರಿಪಡಿಸಿಕೊಳ್ಳುವುದು ನರವೇ, ಅದರದೇ ವೇಗದಲ್ಲಿ.

ನರವನ್ನು ಕರೆಂಟ್ ವೈರ್ ಅಂದುಕೊಳ್ಳಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಸುಲಿದಿದ್ದರೆ ಅದು ಮತ್ತೆ ಕಟ್ಟಿಕೊಳ್ಳಲು ವಾರಗಳು, ಕೆಲವು ತಿಂಗಳು ಸಾಕು. ಒಳಗಿನ ತಂತಿಯೇ ತುಂಡಾಗಿದ್ದರೆ ಹೊಸದಾಗಿ ಬೆಳೆಯಬೇಕು. ಹಾಗೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮಂಡಿಯಿಂದ ಪಾದದವರೆಗೆ 40 ಸೆಂಟಿಮೀಟರ್ ಅಂತಿಟ್ಟುಕೊಂಡರೂ 400 ದಿನ ಆಯಿತು. ನಿಮ್ಮ ರೋಗಿಯದು ಯಾವ ಬಗೆ ಅನ್ನುವುದು ನರದಲ್ಲಿ ಸಂಕೇತ ಹೇಗೆ ಹರಿಯುತ್ತಿದೆ ಅಂತ ನೋಡುವ ನರ್ವ್ ಕಂಡಕ್ಷನ್ ಪರೀಕ್ಷೆಯಿಂದ ಬಹುಮಟ್ಟಿಗೆ ತಿಳಿಯುತ್ತದೆ. ಆ ರಿಪೋರ್ಟ್ ಕಳೆಯಬೇಡಿ.

ಅಂದಹಾಗೆ, ಜಿಬಿಎಸ್‌ಗೆ ಸ್ಟೀರಾಯ್ಡ್ ಮಾತ್ರೆಯಿಂದ ಪ್ರಯೋಜನ ಇಲ್ಲ.

ರೋಗಿ ಐಸಿಯುನಲ್ಲಿದ್ದಾರೆ, ಬೆರಳೂ ಅಲ್ಲಾಡುತ್ತಿಲ್ಲ. ಈಗಲೇ ಫಿಜಿಯೋಥೆರಪಿ ಯಾಕೆ?

ನರ ವಾಪಸ್ ಬರುವ ಹೊತ್ತಿಗೆ ದೇಹ ಅದಕ್ಕೆ ತಯಾರಿರಬೇಕು, ಅದಕ್ಕೆ. ಆರು ತಿಂಗಳ ನಂತರ ಕಾಲಿಗೆ ಬಲ ಬಂತು, ಆದರೆ ಅಷ್ಟರಲ್ಲಿ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಗಿಡ್ಡವಾಗಿ ಪಾದ ಕೆಳಗೆ ಮುರುಟಿಕೊಂಡಿದ್ದರೆ ಆ ಬಲ ಇದ್ದೂ ನಿಲ್ಲಲು ಆಗುವುದಿಲ್ಲ. ಕಾಯಿಲೆ ಮಾಡದ ಅನಾಹುತವನ್ನು ಮಲಗಿದ್ದೇ ಮಾಡಿಬಿಡುತ್ತದೆ. ಇದನ್ನು ತಡೆಯಬಹುದು. ತಡೆಯಲೇಬೇಕು.

ಹಾಗಾಗಿ ದಿನಾ ಪ್ರತಿಯೊಂದು ಕೀಲನ್ನೂ ನಿಧಾನವಾಗಿ ಪೂರ್ತಿ ಆಡಿಸುತ್ತೇವೆ. ಪಾದ ನೆಟ್ಟಗಿರುವಂತೆ ಸ್ಪ್ಲಿಂಟ್ ಹಾಕುತ್ತೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಎದೆಯ ಕಫ ತೆಗೆಯುವುದೂ ನಮ್ಮದೇ ಕೆಲಸ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ವೈದ್ಯರು ಇಂಜೆಕ್ಷನ್ ಕೊಟ್ಟಿರುತ್ತಾರೆ, ಉದ್ದದ ಬಿಗಿ ಸಾಕ್ಸ್ ಹಾಕಿಸಿರುತ್ತಾರೆ. ಬಿಚ್ಚಬೇಡಿ.

ಮೊದಲ ಸಲ ಕೂರಿಸುವಾಗ ಅವಸರ ಮಾಡಬೇಡಿ. ಬಿಪಿ, ಎದೆಬಡಿತ ನೋಡಿಕೊಳ್ಳುವ ನರಗಳಿಗೂ ಈ ಕಾಯಿಲೆಯಲ್ಲಿ ಪೆಟ್ಟು ಬಿದ್ದಿರಬಹುದು. ತಟ್ಟನೆ ಎಬ್ಬಿಸಿದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಹಾಸಿಗೆಯ ತಲೆಭಾಗವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಬರುತ್ತೇವೆ. ಬೇಕಾದರೆ ಟಿಲ್ಟ್ ಟೇಬಲ್ ಬಳಸುತ್ತೇವೆ. ಅದು ರೋಗಿಯನ್ನು ಪಟ್ಟಿ ಕಟ್ಟಿ ಮಲಗಿಸಿ, ಮೆಲ್ಲಗೆ ನಿಲ್ಲಿಸುವ ಮಂಚ.

ಒಂದು ಮಾತು. ವೆಂಟಿಲೇಟರ್‌ನಲ್ಲಿರುವ ಜಿಬಿಎಸ್ ರೋಗಿಗೆ ಮೈ ಅಲ್ಲಾಡದಿದ್ದರೂ ಎಚ್ಚರ ಇದ್ದಾಗ ಎಲ್ಲವೂ ಕೇಳಿಸುತ್ತದೆ, ಎಲ್ಲವೂ ಅರ್ಥವಾಗುತ್ತದೆ. ಮಂಚದ ಪಕ್ಕ ನಿಂತು "ಇನ್ನು ಕಷ್ಟ ಕಣ್ರೀ" ಅಂತ ಮಾತಾಡಬೇಡಿ. ಮುಟ್ಟಿ ಮಾತಾಡಿಸಿ. ಹೌದು ಅಂದರೆ ಒಂದು ಸಲ ಕಣ್ಣು ಮುಚ್ಚಿ, ಇಲ್ಲ ಅಂದರೆ ಎರಡು ಸಲ ಅಂತ ಒಪ್ಪಂದ ಮಾಡಿಕೊಳ್ಳಿ.

ದಿನಾ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದರೆ ಬಲ ಬೇಗ ಬರುತ್ತಾ?

ಎಣ್ಣೆ ಹಚ್ಚುವುದರಿಂದ ನರ ಬೆಳೆಯುವುದಿಲ್ಲ. ಮೆತ್ತಗೆ ಸವರಿದರೆ ರೋಗಿಗೆ ಹಿತ ಅನಿಸಬಹುದು, ಅದಕ್ಕೆ ನಮ್ಮ ಅಡ್ಡಿ ಇಲ್ಲ. ಆದರೆ ಜೋರಾಗಿ ತಿಕ್ಕುವುದು, ಲಟಿಕೆ ತೆಗೆಯುವುದು, ಕೈ ಹಿಡಿದು ಎಳೆಯುವುದು ಬೇಡವೇ ಬೇಡ. ಸ್ನಾಯು ಸೋತಾಗ ಭುಜದ ಕೀಲು ಸಡಿಲವಾಗಿರುತ್ತದೆ. ರಟ್ಟೆ ಹಿಡಿದು ಎಳೆದು ಎಬ್ಬಿಸಿದರೆ ಭುಜ ಜಾರುತ್ತದೆ.

ಬಿಸಿ ಶಾಖ ಇನ್ನೂ ಅಪಾಯ. ಪಾದ ಜೋಮು ಹಿಡಿದಿರುವಾಗ ಸುಟ್ಟರೂ ಗೊತ್ತಾಗುವುದಿಲ್ಲ. ಬಿಸಿನೀರಿನ ಬ್ಯಾಗಿನಿಂದ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಗಾಯ ಮಾಯದೆ ನಡಿಗೆ ನಿಂತುಹೋಗುತ್ತದೆ.

ಎಷ್ಟು ಜಾಸ್ತಿ ವ್ಯಾಯಾಮ ಮಾಡಿಸಿದರೆ ಅಷ್ಟು ಬೇಗ ವಾಸಿ ಅಲ್ವಾ?

ಅಲ್ಲ. ಈ ಪುಟದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ. ಜಿಬಿಎಸ್‌ನಲ್ಲಿ ಸೋಮಾರಿತನದಿಂದ ಕೆಟ್ಟವರಿಗಿಂತ ಅತಿಯಾಗಿ ಮಾಡಿ ಹಿಂದಕ್ಕೆ ಹೋದವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಆರೋಗ್ಯವಂತ ಸ್ನಾಯುವಿಗೆ ಹೆಚ್ಚು ಕೆಲಸ ಕೊಟ್ಟರೆ ಅದು ಗಟ್ಟಿಯಾಗುತ್ತದೆ. ಇಲ್ಲಿ ಹಾಗಲ್ಲ. ಆಗತಾನೇ ಒಂದಷ್ಟು ನರದ ಎಳೆಗಳು ಬಂದು ಸೇರಿವೆ. ಅಷ್ಟೇ ಎಳೆಗಳು ಇಡೀ ಸ್ನಾಯುವಿನ ಭಾರ ಹೊರಬೇಕು. ಅದನ್ನು ದಣಿಸಿದರೆ ಇದ್ದ ಬಲವೂ ಕೆಲವು ದಿನ ಕುಗ್ಗುತ್ತದೆ. ಮನೆಯವರು ಹೆದರಿ "ನಿನ್ನೆ ನಡೆದಿದ್ದರು, ಇವತ್ತು ಆಗ್ತಿಲ್ಲ" ಅಂತ ಓಡಿಬರುತ್ತಾರೆ. ಕೇಳಿದರೆ ಹಿಂದಿನ ದಿನ ನೆಂಟರು ಬಂದಿರುತ್ತಾರೆ. ಅವರಿಗೆ ತೋರಿಸಲು ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿರುತ್ತಾರೆ.

ನಾವು ಪ್ರತಿ ಸ್ನಾಯುವಿಗೂ 0ಯಿಂದ 5ರವರೆಗೆ ಅಂಕ ಕೊಡುತ್ತೇವೆ. ತನ್ನ ಭಾರವನ್ನು ತಾನೇ ಪೂರ್ತಿ ಮೇಲೆತ್ತಿದರೆ 3. ಅದಕ್ಕಿಂತ ಕಡಿಮೆ ಇದ್ದರೆ ಮರಳಿನ ಚೀಲ, ರಬ್ಬರ್ ಬ್ಯಾಂಡ್, ಡಂಬೆಲ್ ಏನೂ ಕಟ್ಟುವಂತಿಲ್ಲ. ಆಗ ಭಾರ ಬೀಳದ ಹಾಗೆ ಮಾಡಿಸುತ್ತೇವೆ. ನುಣುಪಾದ ಹಲಗೆ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ರೋಗಿಯನ್ನು ಮಲಗಿಸಿ, ಕಾಲನ್ನು ಆ ಹಲಗೆ ಮೇಲೆ ಪಕ್ಕಕ್ಕೆ ಜಾರಿಸಲು ಹೇಳುತ್ತೇವೆ. ಹಿಮ್ಮಡಿ ಪೌಡರಿನಲ್ಲಿ ಗೆರೆ ಎಳೆಯುತ್ತದೆ. ಸೋಮವಾರ ಮೂರು ಬೆರಳಿನಷ್ಟಿದ್ದ ಗೆರೆ ಮುಂದಿನ ವಾರ ಗೇಣುದ್ದ ಆಗಿರುತ್ತದೆ. ರೋಗಿ ಕತ್ತು ಎತ್ತಿ ಅದನ್ನೇ ನೋಡುತ್ತಾ ಇರುತ್ತಾರೆ.

ಮನೆಯಲ್ಲಿ ಪಾಲಿಸಲು ಸುಲಭದ ಲೆಕ್ಕ ಹೀಗಿದೆ. ಒಂದೇ ಸಲ ಒಂದು ಗಂಟೆ ಬೇಡ. ಹತ್ತು ಹದಿನೈದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಸಾಕು. ಸುಸ್ತಾಗುವ ಮೊದಲೇ ನಿಲ್ಲಿಸಿ. ವ್ಯಾಯಾಮದ ನಂತರ ಅರ್ಧ ಗಂಟೆ ಮಲಗಿ ಎದ್ದರೂ ಆಯಾಸ ಹೋಗದಿದ್ದರೆ, ಅಥವಾ ಮಾರನೇ ದಿನ ಮೈಕೈ ನೋವಿದ್ದರೆ, ನೀವು ಮಾಡಿಸಿದ್ದು ಜಾಸ್ತಿಯಾಯಿತು. ಅರ್ಧಕ್ಕೆ ಇಳಿಸಿ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಊಟ ಮಾಡುವುದು ಕೂಡ ವ್ಯಾಯಾಮವೇ. ಅವನ್ನೂ ಲೆಕ್ಕಕ್ಕೆ ಹಿಡಿಯಿರಿ.

"ಮನಸ್ಸು ಮಾಡಿದರೆ ಆಗುತ್ತೆ, ನೀನೇ ಪ್ರಯತ್ನ ಪಡ್ತಿಲ್ಲ" ಅನ್ನುವ ಮಾತು ಮನೆಯಲ್ಲಿ ಬರಬಾರದು. ನರ ತಲುಪದ ಸ್ನಾಯುವನ್ನು ಯಾವ ಮನಸ್ಸೂ ಅಲ್ಲಾಡಿಸುವುದಿಲ್ಲ.

ಯಾವಾಗ ನಡೆಯುತ್ತಾರೆ?

ಆರು ತಿಂಗಳ ಹೊತ್ತಿಗೆ ಹತ್ತರಲ್ಲಿ ಸುಮಾರು ಎಂಟು ಜನ ಯಾರ ಸಹಾಯವೂ ಇಲ್ಲದೆ ನಡೆಯುತ್ತಾರೆ. ವಯಸ್ಸಾದವರಲ್ಲಿ, ಕಾಯಿಲೆಗೆ ಮುಂಚೆ ಜೋರು ಭೇದಿಯಾಗಿದ್ದವರಲ್ಲಿ, ವೆಂಟಿಲೇಟರ್‌ಗೆ ಹೋಗಿಬಂದವರಲ್ಲಿ ನಿಧಾನ. ವರ್ಷ ಕಳೆದ ಮೇಲೂ ಚೇತರಿಕೆ ಮುಂದುವರಿಯುತ್ತದೆ. ಇಂಥ ತಾರೀಕಿಗೆ ನಡೆಯುತ್ತಾರೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಸೊಂಟ, ತೊಡೆಗೆ ಮೊದಲು ಬಲ ಬರುತ್ತದೆ, ಪಾದಕ್ಕೆ ಕೊನೆಗೆ. ಹಾಗಾಗಿ ನಡೆಯಲು ಶುರು ಮಾಡಿದ ಮೇಲೂ ಪಾದದ ಮುಂಭಾಗ ಮೇಲೇಳದೆ ನೆಲಕ್ಕೆ ತಗಲುತ್ತದೆ, ಎಡವುತ್ತಾರೆ. ಅದಕ್ಕೆ ಎಎಫ್ಒ ಅನ್ನುವ ಹಗುರ ಪ್ಲಾಸ್ಟಿಕ್ ಪಟ್ಟಿ ಇದೆ. ಮೀನಖಂಡದ ಹಿಂದಿನಿಂದ ಪಾದದ ಅಡಿಗೆ ಬರುತ್ತದೆ. ಅದನ್ನು ಹಾಕಿಕೊಂಡರೆ ಅಂಗವಿಕಲ ಅಂತ ಮುದ್ರೆ ಬೀಳುತ್ತೆ ಅಂತ ಹಿಂಜರಿಯುತ್ತಾರೆ. ಬಲ ಬಂದ ದಿನ ತೆಗೆದಿಡುವ ವಸ್ತು ಅದು. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಇರಲಿ. ಸಂಜೆ ಪಾದದ ಅಡಿ, ಬೆರಳ ಸಂದು ನೋಡಿ. ಪಟ್ಟಿ ಒತ್ತಿ ಕೆಂಪಾಗಿದ್ದರೂ ಜೋಮಿನಲ್ಲಿ ಅವರಿಗೆ ತಿಳಿಯುವುದಿಲ್ಲ.

ನಿಲ್ಲುವಾಗ ಮಂಡಿ ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತಿದ್ದರೆ ತೊಡೆಯ ಬಲ ಇನ್ನೂ ಸಾಲದು. ಹಾಗೇ ನಡೆಸಿದರೆ ಮಂಡಿ ಹಾಳಾಗುತ್ತದೆ. ನಿಲ್ಲಿಸಿ, ನಮಗೆ ತೋರಿಸಿ.

ಅನ್ನ ಕಲಸಿ ತಿನ್ನಲೂ ಆಗುವುದಿಲ್ಲ. ಕೈಗೆ ಏನು ಮಾಡಿಸಬೇಕು?

ರಬ್ಬರ್ ಚೆಂಡು ಕೊಟ್ಟು ಹಿಚುಕಿಸುವುದು ಎಲ್ಲರೂ ಮಾಡುವ ಕೆಲಸ. ಆದರೆ ಸಾಮಾನ್ಯವಾಗಿ ಸೋತಿರುವುದು ಬೆರಳು ಬಿಡಿಸುವ, ಹೆಬ್ಬೆರಳು ಎದುರಿಗೆ ತರುವ ಸಣ್ಣ ಸ್ನಾಯುಗಳು. ಹಿಚುಕುವುದರಿಂದ ಅವಕ್ಕೆ ಲಾಭ ಕಡಿಮೆ. ತಟ್ಟೆಯಲ್ಲಿ ಹುರುಳಿ, ಕಡಲೆಕಾಳು ಬೆರೆಸಿ ಬೇರೆ ಬೇರೆ ಮಾಡಿಸಿ. ಚಪಾತಿ ಹಿಟ್ಟನ್ನು ಉಂಡೆ ಮಾಡಿ, ಬೆರಳಲ್ಲಿ ಅಗಲಿಸಲು ಹೇಳಿ. ಅಂಗಿಯ ಗುಂಡಿ, ಬಾಟಲಿ ಮುಚ್ಚಳ, ಹೂ ಕಟ್ಟುವುದು, ಎಲ್ಲವೂ ಒಳ್ಳೆಯದೇ.

ಅಲ್ಲಿಯವರೆಗೆ ಚಮಚಕ್ಕೆ ಬಟ್ಟೆ ಸುತ್ತಿ ಹಿಡಿ ದಪ್ಪ ಮಾಡಿಕೊಡಿ. ಸ್ಟೀಲ್ ಲೋಟ ಜಾರುತ್ತದೆ, ಹಿಡಿ ಇರುವ ಮಗ್ ಕೊಡಿ. ತಡವಾದರೂ, ಚೆಲ್ಲಿದರೂ ತಾವೇ ತಿನ್ನಲಿ. ಆಕ್ಯುಪೇಶನಲ್ ಥೆರಪಿಸ್ಟ್ ಸಿಕ್ಕರೆ ಖಂಡಿತ ತೋರಿಸಿ, ಕೈಯ ವಿಷಯದಲ್ಲಿ ಅವರದೇ ಪರಿಣತಿ.

ಮನೆಯಲ್ಲಿ ಏನು ಬದಲಾಯಿಸಬೇಕು?

ಮೊದಲು ಕಕ್ಕಸು. ಕುಕ್ಕರಗಾಲಲ್ಲಿ ಕೂತು ಏಳುವುದು ಎಲ್ಲಕ್ಕಿಂತ ಕೊನೆಗೆ ಬರುವ ಶಕ್ತಿ. ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಅದರ ಮೇಲೆ ಇಟ್ಟರೆ ಸಾಕು, ಒಡೆದು ಕಟ್ಟಿಸುವುದು ಬೇಡ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿ, ಕೂತು ಸ್ನಾನ ಮಾಡಲಿ. ನೀರಿನ ಬಿಸಿ ನೋಡುವುದು ಬೇರೆಯವರ ಕೈಯಲ್ಲಿ. ಚಾಪೆ ಬೇಡ, ಮಂಚ ಇರಲಿ. ಹೊಸ್ತಿಲು ಎತ್ತರ ಇರುವ ಹಳೆಯ ಮನೆಯಾದರೆ ಅದನ್ನು ದಾಟುವುದನ್ನು ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ಡಿಸ್ಚಾರ್ಜ್‌ಗೆ ಮುಂಚೆಯೇ ಹೇಳಿ, ಅಷ್ಟೇ ಎತ್ತರದ ಮೆಟ್ಟಿಲ ಮೇಲೆ ಅಭ್ಯಾಸ ಮಾಡಿಸುತ್ತೇವೆ.

ರಾತ್ರಿ ಕಾಲು ಉರಿ, ಬೆನ್ನು ನೋವು. ಇದು ಕಾಯಿಲೆ ಜಾಸ್ತಿಯಾದ ಲಕ್ಷಣವಾ?

ಸಾಮಾನ್ಯವಾಗಿ ಅಲ್ಲ. ನರಕ್ಕೆ ಪೆಟ್ಟಾದಾಗ ನೋವು ಇದ್ದೇ ಇರುತ್ತದೆ. ಮಾಮೂಲಿ ನೋವಿನ ಮಾತ್ರೆಗೆ ಅದು ಜಗ್ಗುವುದಿಲ್ಲ, ನರದ ನೋವಿಗೇ ಬೇರೆ ಮಾತ್ರೆ ಇವೆ. ವೈದ್ಯರಿಗೆ ಹೇಳಿ. ಹೊದಿಕೆ ತಾಗಿದರೂ ಪಾದ ಉರಿಯುವವರಿಗೆ ಮೆತ್ತನೆಯ ಹತ್ತಿ ಸಾಕ್ಸ್ ಹಾಕಿದರೆ ಎಷ್ಟೋ ಹಿತ.

ನಡೆಯುತ್ತಾರೆ, ಊಟ ಮಾಡುತ್ತಾರೆ, ಆದರೂ ಯಾವಾಗಲೂ ಸುಸ್ತು ಅಂತಾರೆ.

ನಿಜವಾಗಿಯೂ ಸುಸ್ತಿರುತ್ತದೆ. ಬಲ ಪೂರ್ತಿ ಬಂದವರಲ್ಲೂ ಈ ಆಯಾಸ ತಿಂಗಳು, ವರ್ಷಗಟ್ಟಲೆ ಉಳಿಯಬಹುದು. ಚೇತರಿಕೆ ಒಂದು ಹಂತಕ್ಕೆ ಬಂದ ಮೇಲೆ ಸೈಕಲ್ ತುಳಿಯುವಂಥ ಹಗುರ ವ್ಯಾಯಾಮವನ್ನು ನಿಧಾನವಾಗಿ ಏರಿಸುತ್ತಾ ಹೋದರೆ ಇದು ಕಡಿಮೆಯಾಗುತ್ತದೆ. ಮುಖ್ಯ ಕೆಲಸ ಬೆಳಗ್ಗೆಯೇ ಮುಗಿಸಿಕೊಳ್ಳಲಿ. ಮಧ್ಯಾಹ್ನ ಮಲಗಿದರೆ ಬೈಯಬೇಡಿ.

ಬಾಯಿ ಒಂದು ಪಕ್ಕ ಸೊಟ್ಟಗಾಗಿದೆ, ಕೈಕಾಲು ಸರಿಯಿದೆ. ಇದೂ ಜಿಬಿಎಸ್ಸಾ?

ಬಹುಶಃ ಅದು ಮುಖದ ಒಂದೇ ನರದ ತೊಂದರೆ, ಬೆಲ್ಸ್ ಪಾಲ್ಸಿ. ಇಲ್ಲಿ ಲೆಕ್ಕ ತಿರುಗುಮುರುಗು. ಸ್ಟೀರಾಯ್ಡ್ ಕೆಲಸ ಮಾಡುತ್ತದೆ, ಅದೂ 72 ಗಂಟೆಯೊಳಗೆ ಶುರು ಮಾಡಿದರೆ. ಹಾಗಾಗಿ ತಕ್ಷಣ ವೈದ್ಯರನ್ನು ನೋಡಿ. ಲಕ್ವ ಅಲ್ಲ ಅಂತ ಖಚಿತ ಮಾಡಿಕೊಳ್ಳುವುದೂ ಅವರ ಕೆಲಸ. ಕಣ್ಣು ಮುಚ್ಚದಿದ್ದರೆ ಹಗಲು ಹನಿ ಔಷಧಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪ್. ಕಣ್ಣು ಒಣಗಿ ಗಾಯವಾದರೆ ದೃಷ್ಟಿಗೇ ಕುತ್ತು. ಕನ್ನಡಿ ಮುಂದೆ ಮೆಲ್ಲಗೆ, ಸಣ್ಣದಾಗಿ ಮುಖ ಆಡಿಸಿ. ಜೋರಾಗಿ ಬಲೂನ್ ಊದುವುದು ಬೇಡ.

ಮೆದುಳು ಜ್ವರ, ಮಂಗನ ಕಾಯಿಲೆ ಆದವರಿಗೂ ಇದೇ ವ್ಯಾಯಾಮವಾ?

ಅಲ್ಲ, ಅದು ಬೇರೆಯೇ ದಾರಿ. ಮೆದುಳು ಜ್ವರದ ಒಂದು ಬಗೆಯಾದ ಜಪಾನೀಸ್ ಎನ್ಸೆಫಲೈಟಿಸ್‌ನಲ್ಲಿ ವೈರಸ್ ಮೆದುಳಿಗೇ ಹೊಕ್ಕಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಎರಡನೇ ಸಲ ಜ್ವರ ಬಂದು, ತೀವ್ರ ತಲೆನೋವು, ಕೈ ನಡುಕ, ಗೊಂದಲ ಕಾಣಿಸಿಕೊಳ್ಳುತ್ತದೆ.

ಜಿಬಿಎಸ್‌ನಲ್ಲಿ ಕೈಕಾಲು ಜೋತುಬೀಳುತ್ತವೆ. ಮೆದುಳಿಗೆ ಪೆಟ್ಟಾದಾಗ ಬಹಳ ಸಲ ಸೆಟೆದುಕೊಳ್ಳುತ್ತವೆ. ಅಲ್ಲಿ ನಮ್ಮ ಕೆಲಸ ಬಿಗಿ ಸಡಿಲಿಸುವುದು, ಮತ್ತೆ ಮತ್ತೆ ಅದೇ ಕೆಲಸ ಮಾಡಿಸಿ ಮೆದುಳಿಗೆ ಹೊಸದಾಗಿ ಕಲಿಸುವುದು. ನುಂಗುವುದು, ಮಾತು, ನೆನಪು, ಫಿಟ್ಸ್, ಸಿಟ್ಟು, ಎಲ್ಲವನ್ನೂ ನೋಡಬೇಕು. ಮಗು ಮೊದಲಿನ ಹಾಗಿಲ್ಲ, ಹಟ ಜಾಸ್ತಿಯಾಗಿದೆ ಅಂತ ಹೊಡೆಯುವ ತಂದೆತಾಯಿ ಇದ್ದಾರೆ. ಅದು ಹಟವಲ್ಲ, ಕಾಯಿಲೆ ಬಿಟ್ಟುಹೋದ ಗಾಯ.

ಮಗುವಿಗೆ ಕಾಲು ಸೋತಿದೆ ಅಂತ ಆಸ್ಪತ್ರೆಗೆ ಸೇರಿಸಿದರೆ ಮಲದ ಮಾದರಿ ತೆಗೆದುಕೊಂಡರು. ಯಾಕೆ?

ಪೋಲಿಯೋ ಅಲ್ಲ ಅಂತ ಖಚಿತ ಮಾಡಿಕೊಳ್ಳಲು. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಬಂತು. ಅದನ್ನು ಕಾಪಾಡಿಕೊಳ್ಳಲು 15 ವರ್ಷದೊಳಗಿನ ಯಾವ ಮಗುವಿಗೆ ಇದ್ದಕ್ಕಿದ್ದಂತೆ ಕೈಕಾಲು ಜೋತುಬಿದ್ದರೂ ಸರ್ಕಾರಕ್ಕೆ ವರದಿ ಮಾಡಬೇಕು. ಎರಡು ಮಾದರಿ ತೆಗೆಯುತ್ತಾರೆ. ಸಹಕರಿಸಿ. ಮಕ್ಕಳ ಚೇತರಿಕೆ ದೊಡ್ಡವರಿಗಿಂತ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿಗೇ ಒಂದು ವಿಭಾಗ ಇದೆ. ತಮಿಳುನಾಡಿನ ವೆಲ್ಲೂರು ಸಿಎಂಸಿಗೂ ನಮ್ಮ ಕಡೆಯಿಂದ ತುಂಬಾ ಜನ ಹೋಗುತ್ತಾರೆ. ಮಾತು, ನುಂಗುವ ತೊಂದರೆ ಉಳಿದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ತಿಂಗಳುಗಟ್ಟಲೆ ದೂರದೂರಿಗೆ ಓಡಾಡುವುದು ಎಲ್ಲರಿಗೂ ಆಗದ ಮಾತು. ದೊಡ್ಡ ಆಸ್ಪತ್ರೆಯಲ್ಲಿ ವ್ಯಾಯಾಮಗಳ ಪಟ್ಟಿ ಬರೆಸಿಕೊಂಡು, ನಿಮ್ಮ ಜಿಲ್ಲಾ ಆಸ್ಪತ್ರೆಯ ಫಿಜಿಯೋಥೆರಪಿಸ್ಟ್ ಹತ್ತಿರ ದಿನಾ ಮಾಡಿಸಿ. ಅಷ್ಟು ಸಾಕಾಗುತ್ತದೆ. ದೊಡ್ಡ ಮಷಿನ್ ಇಲ್ಲ ಅಂತ ಬೇಸರ ಬೇಡ. ಇದರಲ್ಲಿ ಬೇಕಾಗುವುದು ಕೈ, ಕಣ್ಣು, ಸಮಯ.

ಬಲ ಬರುವುದು ತುಂಬಾ ತಡವಾಗುವ ಹಾಗಿದ್ದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ದೀರ್ಘಕಾಲದ ನರರೋಗಗಳೂ ಸೇರಿವೆ. ವಾಸಿಯಾಗುವ ಸಾಧ್ಯತೆ ಇದ್ದವರಿಗೆ ತಾತ್ಕಾಲಿಕ ಪ್ರಮಾಣಪತ್ರವನ್ನೂ ಕೊಡುತ್ತಾರೆ.

ಮತ್ತೆ ಬರುತ್ತಾ?

ನೂರರಲ್ಲಿ ಎರಡರಿಂದ ಐದು ಜನರಿಗೆ ಬರಬಹುದು. ಎರಡು ತಿಂಗಳು ದಾಟಿದ ಮೇಲೂ ಬಲ ಇಳಿಯುತ್ತಲೇ ಇದ್ದರೆ ಅದು ಸಿಐಡಿಪಿ ಎಂಬ ಬೇರೆ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಬೇರೆ, ಹಾಗಾಗಿ ಕಾಯದೆ ತೋರಿಸಿ. ಮುಂದೆ ಯಾವುದೇ ಲಸಿಕೆ ಹಾಕಿಸುವಾಗ ಜಿಬಿಎಸ್ ಆಗಿತ್ತು ಅಂತ ಮೊದಲೇ ಹೇಳಿ.

ಬೈಕ್ ಯಾವಾಗ ಓಡಿಸಬಹುದು?

ಪಾದ ಮೇಲೆತ್ತಲು, ಒತ್ತಲು ಎರಡಕ್ಕೂ ಬಲ ಬಂದಿರಬೇಕು. ಬೆರಳಿಗೆ ಬ್ರೇಕ್, ಕ್ಲಚ್ ಹಿಡಿಯುವ ಬಲ ಇರಬೇಕು. ಕಣ್ಣು ಮುಚ್ಚಿಕೊಂಡಾಗಲೂ ಪಾದ ಎಲ್ಲಿದೆ ಅಂತ ತಿಳಿಯಬೇಕು. ನಿಂತ ಬೈಕಿನ ಭಾರವನ್ನು ಎರಡೂ ಕಡೆ ಕಾಲು ಕೊಟ್ಟು ತಡೆಯಬೇಕು. ಇದನ್ನೆಲ್ಲ ನಮ್ಮ ಮುಂದೆ ಮಾಡಿ ತೋರಿಸಿ. ಆಮೇಲೆ ವೈದ್ಯರನ್ನು ಒಂದು ಮಾತು ಕೇಳಿ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ ಖಾಲಿ ಮೈದಾನದಲ್ಲಿ ಶುರು ಮಾಡಿ.